ಒಂದು ಪ್ರಶ್ನೆ ಕೇಳುವ ಅರ್ಹತೆ

ನಮ್ಮ ವಿಶ್ವವಿದ್ಯಾಲಯದ ಮಾದಕ ವ್ಯಸನ ಸಂಶೋಧನಾ ತರಬೇತಿ ಕಾರ್ಯಕ್ರಮವು ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ಅರವತ್ತೆರಡು ಯುವ ವಿಜ್ಞಾನಿಗಳನ್ನು ತಯಾರು ಮಾಡಿದೆ ಎಂಬುದು ದಾಖಲೆಯಲ್ಲಿರುವ ಸಂಗತಿ. ಇವರಲ್ಲಿ ಒಬ್ಬರಿಂದಲೂ ಯಾವ ವ್ಯಸನಿಗೂ ತೊಂದರೆಯಾಗಿಲ್ಲ, ಏಕೆಂದರೆ ಇಬ್ಬರೂ ಭೇಟಿಯಾಗದಂತೆ ನಿಯಮಾವಳಿ ನೋಡಿಕೊಂಡಿದೆ. ಆ ನಿಯಮಾವಳಿಯನ್ನು ಬೆರಳಚ್ಚು ಮಾಡಿದವಳು ನಾನೇ. ಕಾರ್ಯಕ್ರಮದ ಸಂಯೋಜಕಿ ಎಂಬುದು ನನ್ನ ಹುದ್ದೆ. ಓಹಾಯೋ ನದಿಯ ದಡದ ಈ ಊರಿನಲ್ಲಿ ಹೆರಾಯಿನ್‌ನಿಂದ ಯಾರನ್ನೂ ಕಳೆದುಕೊಳ್ಳದ ಮನೆ ಕಡಿಮೆ. ಹಾಗಾಗಿ ನಮ್ಮ ಕಾರ್ಯಕ್ರಮದ ಮೇಲೆ ಜನರಿಗೆ ಬಹಳ ಗೌರವ.

ಡಾ. ಡೆಲ್ಫೀನ್ ಹ್ಯಾಸ್ಕೆಲ್ ಬಂದದ್ದು ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ. ಪಿಎಚ್‌ಡಿ ಮುಗಿಸಿ ಎರಡು ತಿಂಗಳೂ ಆಗಿರಲಿಲ್ಲ. ಒಳ್ಳೆಯ ಹುಡುಗಿ, ಆದರೆ ಕಾಲಡಿ ಕೆಂಡವಿದ್ದವರ ಹಾಗೆ ಆತುರ. ಬಂದ ವಾರವೇ ಯಾರನ್ನೂ ಕೇಳದೆ ನಾಲ್ಕನೇ ನಂಬರಿನ ಬಸ್ಸು ಹತ್ತಿ ಮಿಲ್ ಹಾಲೋ ಬಡಾವಣೆಗೆ ಹೋಗಿಬಂದರು. ಅಲ್ಲಿನ ಹನ್ನೊಂದು ಜನ ಹೆರಾಯಿನ್ ಬಿಟ್ಟು, ದಿನಾ ಕೌಂಟಿ, ಅಂದರೆ ಜಿಲ್ಲಾಡಳಿತದ, ಕ್ಲಿನಿಕ್ಕಿಗೆ ಬಂದು, ಕಿಟಕಿಯೆದುರು ನಿಂತು, ನರ್ಸಿನ ಕಣ್ಣೆದುರೇ ಚಟ ಮರುಕಳಿಸದಂತೆ ತಡೆಯುವ ಮೆಥಡೋನ್ ಔಷಧಿ ಕುಡಿದು ಹೋಗುವವರು. ಬೇಸಿಗೆಯಿಂದೀಚೆಗೆ ಇವರು ಆಗಾಗ ತಪ್ಪಿಸಿಕೊಳ್ಳುತ್ತಿದ್ದರು. ಏಕೆ ಎಂಬುದೇ ಡೆಲ್ಫೀನ್ ಕೇಳಬೇಕೆಂದಿದ್ದ ಪ್ರಶ್ನೆ. ಕಿಟಕಿ ಒಂಬತ್ತಕ್ಕೆ ಮುಚ್ಚುತ್ತದೆ. ಜೂನ್‌ನಲ್ಲಿ ಬಸ್ಸಿನ ವೇಳೆ ಬದಲಾದ ಮೇಲೆ ಮಿಲ್ ಹಾಲೋದ ಮೊದಲ ಬಸ್ಸು ಕ್ಲಿನಿಕ್ಕಿಗೆ ಮುಟ್ಟುವುದು ಒಂಬತ್ತು ಇಪ್ಪತ್ತಕ್ಕೆ. ಯಾರದಾದರೂ ಕಾರು ಸಿಕ್ಕಿದ ದಿನ ಬರುತ್ತಾರೆ, ಸಿಗದ ದಿನ ಇಲ್ಲ.

ಇದನ್ನು ಅವರಿಗೆ ಹೇಳಿದವರು ಆ ಹನ್ನೊಂದು ಜನರಲ್ಲಿ ಒಬ್ಬರಾದ ಕ್ಲೈಡ್ ಬೋಗ್ಸ್, ಐವತ್ತೆರಡರ ಮಾಜಿ ಲಾರಿ ಚಾಲಕರು, ಆರು ವರ್ಷದಿಂದ ಹೆರಾಯಿನ್ ಮುಟ್ಟದವರು. ಸತತ ಮೂರು ದಿನ ತಪ್ಪಿದರೆ ಕ್ಲಿನಿಕ್ಕು ಫೈಲು ಮುಚ್ಚುತ್ತದೆ, ಔಷಧಿ ನಿಲ್ಲುತ್ತದೆ. ಬೋಗ್ಸ್ ಆಗಲೇ ಎರಡು ಸಲ ಎರಡನೇ ದಿನದವರೆಗೆ ಹೋಗಿ ಬಂದಿದ್ದರು. ಮಾರ್ಚ್ ಐದರಂದು ಕೌಂಟಿ ಮಂಡಳಿಯ ಸಭೆಯಿತ್ತು. ಕಿಟಕಿಯನ್ನು ಹತ್ತರವರೆಗೆ ತೆರೆದಿಡಲು ಮಂಡಳಿಗೆ ಬೇಕಾಗಿದ್ದದ್ದು ಅರ್ಹ ಸಂಶೋಧಕರ ಒಂದು ಪುಟದ ವರದಿ, ಅಷ್ಟೇ.

ಡೆಲ್ಫೀನ್ ಅನುಮತಿ ಕೇಳಲು ನಿರ್ದೇಶಕರಾದ ಡಾ. ಲೋವೆಲ್ ಪ್ರಿಚರ್ಡ್ ಅವರ ಕೋಣೆಗೆ ಹೋದಾಗ ಟಿಪ್ಪಣಿ ಬರೆದುಕೊಳ್ಳಲು ನಾನೂ ಅಲ್ಲಿದ್ದೆ.

"ಈ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಾ?" ಎಂದರು ಪ್ರಿಚರ್ಡ್.

"ಗೊತ್ತು ಡಾಕ್ಟ್ರೇ. ಬಸ್ಸು."

"ಹಾಗಾದ್ರೆ ನೀವು ಕೇಳೋ ಹಾಗಿಲ್ಲಮ್ಮ. ಉತ್ತರ ಗೊತ್ತಿರೋರು ಕೇಳಿದ್ರೆ ಪೂರ್ವಗ್ರಹ ಆಗುತ್ತೆ."

"ಗೊತ್ತಿಲ್ದೇ ಇರೋರು ಯಾರಾದ್ರೂ ಕೇಳ್ಲಿ."

"ಅವರಿಗೆ ಇನ್ನೂ ತರಬೇತಿ ಆಗಿಲ್ಲ."

ಡೆಲ್ಫೀನ್ ಬಸ್ಸಿನ ವೇಳಾಪಟ್ಟಿಯನ್ನೇ ತಂದು ಮೇಜಿನ ಮೇಲಿಟ್ಟರು. ನಿರ್ದೇಶಕರು ಅದನ್ನು ಗೌರವದಿಂದಲೇ ನೋಡಿ, ಇದು ಪುರಾವೆಯಲ್ಲ, ಬರೀ ಕಾಗದ ಎಂದು ತಿಳಿಹೇಳಿದರು. ಆಮೇಲೆ ಅವರಿಗೆ ಪೂರ್ವಗ್ರಹ ನಿವಾರಣಾ ತರಬೇತಿಯ ನಲವತ್ತು ಪುಟ ಕೊಟ್ಟು ಕಳಿಸಿದರು. ಆ ತರಬೇತಿಯ ಕೊನೆಗೆ ಮೌಖಿಕ ಪರೀಕ್ಷೆ ಇರುತ್ತದೆ. ಮಿಲ್ ಹಾಲೋ ಜನ ಕ್ಲಿನಿಕ್ಕಿಗೆ ಏಕೆ ಬರುವುದಿಲ್ಲ ಎಂದು ನಮ್ಮ ತರಬೇತಿ ಸಮಿತಿ ಕೇಳಿತು. ಡೆಲ್ಫೀನ್ ಮೂರು ಸಲ "ಬಸ್ಸು" ಎಂದು ಮೂರು ಸಲ ನಪಾಸಾದರು. ನಾಲ್ಕನೇ ಸಲ ಗೋಡೆ ನೋಡುತ್ತಾ, "ಹೇಳೋಕಾಗಲ್ಲ, ಇನ್ನೂ ಹೆಚ್ಚಿನ ಸಂಶೋಧನೆ ಆಗ್ಬೇಕು" ಎಂದರು. ಸಮಿತಿ ಎದ್ದು ನಿಂತು ಕೈಕುಲುಕಿತು.

ಅಷ್ಟರಲ್ಲಿ ಜನವರಿ ಬಂದಿತ್ತು. ಮುಂದಿನ ಹಂತ, ವ್ಯಸನಿಯೊಡನೆ ಮಾತನಾಡುವ ಅಭ್ಯಾಸ. ನಿಯಮ ಹದಿನಾಲ್ಕರ ಪ್ರಕಾರ ಮೊದಲ ಅಭ್ಯಾಸವನ್ನು ನಿಜವಾದ ವ್ಯಸನಿಯ ಮೇಲೆ ಮಾಡುವಂತಿಲ್ಲ. ಆ ಪಾತ್ರವನ್ನು ಹನ್ನೆರಡು ವರ್ಷದಿಂದ ನಿರ್ವಹಿಸುತ್ತಿರುವವರು ನಿವೃತ್ತ ಪ್ರಾಧ್ಯಾಪಕ ಎಮ್ಮೆಟ್ ಸ್ಟ್ರಾಡರ್. ಬಿಯರನ್ನೂ ಮುಟ್ಟದ ಮನುಷ್ಯರಾದರೂ ಮೊಮ್ಮಗನ ಟೋಪಿ ಹಾಕಿಕೊಂಡು ಕುಳಿತರೆ ಯಾರಿಗೂ ಅನುಮಾನ ಬರುವುದಿಲ್ಲ. ಫೆಬ್ರವರಿಯಲ್ಲಿ ಅವರಿಗೆ ನೆಗಡಿಯಾಯಿತು. ಬದಲಿ ಬೇಕೆಂದು ನಾನು ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿದೆ: "ವ್ಯಸನಿಯ ಪಾತ್ರಕ್ಕೆ ಒಬ್ಬರು ಬೇಕಾಗಿದ್ದಾರೆ. ಅನುಭವ ಅಗತ್ಯವಿಲ್ಲ." ಡೆಲ್ಫೀನ್ ಬೋಗ್ಸ್ ಅವರನ್ನೇ ಕರೆತಂದರು. ಆರು ವರ್ಷದಿಂದ ಹೆರಾಯಿನ್ ಮುಟ್ಟದವರಾದ್ದರಿಂದ ನಿಯಮ ಹದಿನಾಲ್ಕು ಅಡ್ಡ ಬರಲಿಲ್ಲ.

ಬೋಗ್ಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಆ ಅಂಗಿಗೇ ಮೊದಲು ಅಂಕ ಹೋಯಿತು. ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಗೆ ಮಾದರಿ ಉತ್ತರ "ನನಗೆ ಮನಸ್ಸಿಲ್ಲ" ಎಂದಿರಬೇಕು. ಸ್ಟ್ರಾಡರ್ ಅದನ್ನು ಹೇಳುವಾಗ ದನಿ ನಡುಗಿಸುತ್ತಾರೆ. ಬೋಗ್ಸ್ ನೇರವಾಗಿ ಬಸ್ಸಿನ ವಿಷಯ ಹೇಳಿ, ಮೇಲಿಂದ "ನೀವೊಂದ್ಸಲ ಆ ಬಸ್ಸಲ್ಲಿ ಬನ್ನಿ ಸಾರ್, ಗೊತ್ತಾಗುತ್ತೆ" ಎಂದು ಸಮಿತಿಯನ್ನೇ ಆಹ್ವಾನಿಸಿದರು. ವ್ಯಸನಿಯ ಪಾತ್ರಕ್ಕೆ ಇವರು ಅನರ್ಹರು ಎಂದು ಸಮಿತಿ ಒಮ್ಮತದಿಂದ ಬರೆಯಿತು. ಅಭ್ಯಾಸವನ್ನು ಸ್ಟ್ರಾಡರ್ ಅವರ ನೆಗಡಿ ವಾಸಿಯಾಗುವವರೆಗೆ ಮುಂದೂಡಲಾಯಿತು.

ಮಾರ್ಚ್ ಐದು ಬಂತು. ತಾವೇ ಹೋಗಿ ಮಂಡಳಿಯೆದುರು ಮಾತಾಡುತ್ತೇನೆಂದು ಡೆಲ್ಫೀನ್ ಹಟ ಹಿಡಿದರು. ಸಾರ್ವಜನಿಕವಾಗಿ ಮಾತನಾಡುವ ತರಬೇತಿ ಏಪ್ರಿಲ್‌ನಲ್ಲಿದೆ ಎಂದು ನೆನಪಿಸಬೇಕಾದವಳು ನಾನು, ನೆನಪಿಸಿದೆ. ಆ ಹುಡುಗಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಗೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ. ಬೋಗ್ಸ್ ಒಬ್ಬರೇ ಹೋದರು. ಅವರು ಸಂಶೋಧಕರಲ್ಲವೆಂದು ಮಂಡಳಿ ಅವರ ಮಾತನ್ನು ದಾಖಲಿಸಲಿಲ್ಲ. ಬದಲಿಗೆ ಕ್ಲಿನಿಕ್ಕಿನ ಹಾಜರಿ ಪುಸ್ತಕ ತರಿಸಿ ನೋಡಿತು. ಇಡೀ ವರ್ಷದಲ್ಲಿ ಒಂಬತ್ತು ಗಂಟೆಯ ನಂತರ ಒಬ್ಬರೂ ಔಷಧಿ ಕುಡಿದಿರಲಿಲ್ಲ. ಜನರಿಗೆ ತಡವಾದ ವೇಳೆ ಬೇಕಿಲ್ಲವೆಂಬುದು ಇದರಿಂದ ಸ್ಪಷ್ಟವಾದ್ದರಿಂದ ಕಿಟಕಿಯನ್ನು ಎಂಟೂವರೆಗೇ ಮುಚ್ಚಲು ತೀರ್ಮಾನವಾಯಿತು.

ಮೇ ತಿಂಗಳೊಳಗೆ ಮಿಲ್ ಹಾಲೋದ ಹತ್ತು ಫೈಲು ಮುಚ್ಚಿದವು. ಬೋಗ್ಸ್ ಅವರದು ಮುಚ್ಚಲಿಲ್ಲ. ಅವರು ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಏಳು ಮೈಲಿ ನಡೆಯತೊಡಗಿದ್ದರು. ಇದು ಸಮಿತಿಯ ಕಿವಿಗೂ ಬಿತ್ತು. ಬಸ್ಸಿಲ್ಲದೆಯೂ ಬರಬಹುದೆಂದ ಮೇಲೆ ಬಸ್ಸು ಎಂದೂ ಅಡ್ಡಿಯಾಗಿರಲಿಲ್ಲ ಎಂದು ಡಾ. ಪ್ರಿಚರ್ಡ್ ಟಿಪ್ಪಣಿ ಬರೆಸಿದರು.

ಡೆಲ್ಫೀನ್ ಆಗಸ್ಟ್ ಒಂದರಂದು ಎಲ್ಲ ತರಬೇತಿ ಮುಗಿಸಿ ಪ್ರಶ್ನೆ ಕೇಳುವ ಅರ್ಹತೆ ಪಡೆದರು. ಪ್ರಶ್ನೆಯೂ ಒಂಬತ್ತು ಪರಿಶೀಲನೆಗಳನ್ನು ದಾಟಿ ಬಂದಿತ್ತು. ಒಂದು ತಿಂಗಳು ತಪ್ಪದೆ ಬಂದವರನ್ನು ಮಾತ್ರ ಕೇಳಬೇಕೆಂಬ ನಿಯಮವಿದ್ದುದರಿಂದ ಮಿಲ್ ಹಾಲೋದಲ್ಲಿ ಉಳಿದವರು ಒಬ್ಬರೇ.

"ಕ್ಲಿನಿಕ್ಕಿಗೆ ನಿಯಮಿತವಾಗಿ ಬರಲು ನಿಮಗಿರುವ ಅಡ್ಡಿ ಏನು?" ಎಂದು ಡೆಲ್ಫೀನ್ ಕಾಗದ ನೋಡಿಕೊಂಡು ಓದಿದರು.

ಬೋಗ್ಸ್ ಷೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದರು. ಆ ಹುಡುಗಿಯ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು.

"ಏನಿಲ್ಲ ಬಿಡಮ್ಮ. ದಿನಾ ಬರ್ತಿದೀನಲ್ಲ. ನಿಂಗೆ ಯಾವ್ದು ಸುಲಭವೋ ಅದನ್ನೇ ಬರ್ಕೋ."

ಮೊದಲೇ ಮುದ್ರಿಸಿದ ಚೌಕಗಳಲ್ಲಿ ಅದಕ್ಕೆ ಹೊಂದುವುದು "ಅಡ್ಡಿ ಇಲ್ಲ" ಎಂಬುದೊಂದೇ. ಡೆಲ್ಫೀನ್ ಅದಕ್ಕೇ ಗುರುತು ಹಾಕಿದರು. ಉತ್ತರಿಸಿದವರಲ್ಲಿ ನೂರಕ್ಕೆ ನೂರು ಮಂದಿಗೆ ಯಾವ ಅಡ್ಡಿಯೂ ಇಲ್ಲ ಎಂಬ ಅವರ ಪ್ರಬಂಧಕ್ಕೆ ಆ ವರ್ಷದ ಯುವ ವಿಜ್ಞಾನಿ ಪ್ರಶಸ್ತಿ ಬಂತು. ನಮ್ಮ ಕಾರ್ಯಕ್ರಮ ಇನ್ನೈದು ವರ್ಷಕ್ಕೆ ಮುಂದುವರಿಯಿತು. ಪೂರ್ವಗ್ರಹ ನಿವಾರಣೆಯ ಪಾಠವನ್ನು ಈಗ ಡೆಲ್ಫೀನ್ ಅವರೇ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ.

ಉಳಿದ ಹತ್ತು ಜನರಲ್ಲಿ ಸ್ಫೂರ್ತಿ ತುಂಬಲು ಕೌಂಟಿಯವರು ಬೋಗ್ಸ್ ಅವರ ದೊಡ್ಡ ಫೋಟೋ ಮಾಡಿಸಿ, "ನಾನು ನಡೆದೆ. ನೀವು?" ಎಂದು ಬರೆಸಿ, ನಾಲ್ಕನೇ ನಂಬರಿನ ಬಸ್ಸಿನ ಪಕ್ಕಕ್ಕೆ ಅಂಟಿಸಿದ್ದಾರೆ. ಬೋಗ್ಸ್ ಔಷಧಿ ಕುಡಿದು, ಕಿಟಕಿ ಮುಚ್ಚಿದ ಮೇಲೆ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಒಂಬತ್ತು ಇಪ್ಪತ್ತಕ್ಕೆ ಬಸ್ಸು ಸರಿಯಾಗಿ ಬರುತ್ತದೆ. ಚಾಲಕ ಫೋಟೋದವರನ್ನು ಗುರುತು ಹಿಡಿದು, ಮನೆಯವರೆಗೆ ಟಿಕೆಟ್ ಕೇಳದೆ ಕರೆದುಕೊಂಡು ಹೋಗುತ್ತಾನೆ.