ಚಾವಡಿಯ ತಾಸು, ಗಿರಣಿಯ ಭೋಂಗಾ

ಊರಿನ ಇತಿಹಾಸ ಹೇಳಿರೆಂದರೆ ಬಲ್ಲವರು ಅರಸರಿಂದ ಶುರು ಮಾಡುತ್ತಾರೆ. ನನಗೆ ಅಷ್ಟು ದೂರ ಹೋಗುವ ಶಕ್ತಿಯಿಲ್ಲ. ನನ್ನ ಮಟ್ಟಿಗೆ ಅಕ್ಕಲಕೋಟದ ಇತಿಹಾಸವೆಂದರೆ ಅಪ್ಪನ ತಮ್ಮ, ನಮ್ಮ ಮಲ್ಲಪ್ಪ ಕಾಕಾ. ಅರಸರು ಊರನ್ನು ಆಳುತ್ತಿದ್ದರು, ನಿಜ. ಆದರೆ ಊರಿಗೆ ಮಧ್ಯಾಹ್ನ ಮಾಡುತ್ತಿದ್ದವನು, ಸಂಜೆ ಮಾಡುತ್ತಿದ್ದವನು ಕಾಕಾ. ಚಾವಡಿಯ ಮುಂದೆ ತೂಗುಹಾಕಿದ್ದ ಕಂಚಿನ ತಟ್ಟೆಗೆ ಮರದ ಸುತ್ತಿಗೆಯಿಂದ ಹೊಡೆದು ಗಂಟೆ ಸಾರುವುದು ಅವನ ಕೆಲಸ. ಆ ತಟ್ಟೆಗೆ ನಾವು ತಾಸು ಎನ್ನುತ್ತಿದ್ದೆವು. ಚಾವಡಿಯೊಳಗೆ ಒಂದು ಹಳೆಯ ಗಡಿಯಾರವೂ ಇತ್ತು. ಅದು ಹೇಳಿದ್ದನ್ನು ಕಾಕಾ ಗೌರವದಿಂದ ನೋಡಿ ಬರುತ್ತಿದ್ದ. ತೀರ್ಮಾನ ಮಾತ್ರ ಅವನದೇ.

ಸಾಲಿಯ ಮಾಸ್ತರರು ಒದ್ದೆ ಧೋತರ ಹೆಗಲಿಗೆ ಹಾಕಿಕೊಂಡು ಬಾವಿಯಿಂದ ಆಗಷ್ಟೇ ಮರಳುತ್ತಿದ್ದರೆ ಊರಿನಲ್ಲಿ ಹತ್ತು ಹೊಡೆಯುತ್ತಿರಲಿಲ್ಲ. "ಮಾಸ್ತರು ಎರಡ ತುತ್ತು ಉಣ್ಲಿ. ಹತ್ತು ಎಲ್ಲಿ ಓಡಿ ಹೋಗ್ತದ?" ಎನ್ನುತ್ತಿದ್ದ ಕಾಕಾ. ಸಂತೆಯ ದಿನ ತಲೆಹೊರೆ ಹೊತ್ತು ಬರುವ ಹೆಂಗಸರು ಬೇವಿನ ನೆರಳು ಮುಟ್ಟುವವರೆಗೆ ಮಧ್ಯಾಹ್ನವಾಗುತ್ತಿರಲಿಲ್ಲ. ಇದರಿಂದ ಯಾರಿಗೂ ತೊಂದರೆಯಾದ ನೆನಪಿಲ್ಲ. ಇಡೀ ಊರೇ ತಡವಾದರೆ ಅದನ್ನು ತಡವೆಂದು ಹೇಳಲು ಯಾರು ಉಳಿಯುತ್ತಾರೆ?

ಇಂಥ ಊರಿನಲ್ಲಿ, ಕಾಕಾನ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಸೋಲಾಪುರದ ಬಟ್ಟೆಯಂಗಡಿಯೊಂದರಲ್ಲಿ ನೌಕರಿ ಹಿಡಿದೆ. ನನಗೂ ಹೆಂಡತಿಗೂ ಮನೆ ಸಿಕ್ಕಿದ್ದು ಬಟ್ಟೆ ಗಿರಣಿಯ ಪಕ್ಕದ ಚಾಳಿನ ಸಾಲುಕೋಣೆಗಳಲ್ಲಿ. ಅಲ್ಲಿ ಹೊತ್ತು ಹೇಳುವುದು ಭೋಂಗಾ, ಗಿರಣಿಯ ಉಗಿಯ ಸಿಳ್ಳು. ಅದು ಕೂಗಿದರೆ ಪಾತ್ರೆಗಳು ನಡುಗುತ್ತಿದ್ದವು, ಮಕ್ಕಳು ಅಳುತ್ತಿದ್ದವು, ದೊಡ್ಡವರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಓಡುತ್ತಿದ್ದರು. ಅದಕ್ಕೆ ಯಾರ ಊಟವೂ ಗೊತ್ತಿಲ್ಲ, ಯಾರ ಜಳಕವೂ ಗೊತ್ತಿಲ್ಲ. ಮೊದಮೊದಲು ಅದು ಕೂಗಿ ನಿಂತ ಮೇಲೆ ನಾನು ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದೆ, ದೂರದಿಂದ ನಮ್ಮ ತಾಸಿನ ದನಿ ಬಂದೀತೇನೋ ಎಂದು. ಅಷ್ಟು ಮೈಲಿ ದಾಟಿ ಅದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಕಿವಿಗೆ ಗೊತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಹೊಸ ಅಧಿಕಾರಿಯೊಬ್ಬರು ಬಂದರು. ಚಾವಡಿಯ ಗೋಡೆಯ ಮೇಲೆ ತಾನೇ ಹೊಡೆದುಕೊಳ್ಳುವ ದೊಡ್ಡ ಗಡಿಯಾರ ಕೂಡಿಸಿದರು. ಕಾಕಾನ ಸುತ್ತಿಗೆಗೆ ಕೆಲಸವಿಲ್ಲದಾಯಿತು. ನಾನು ಊರಿಗೆ ಹೋದಾಗ ಅವನ ಹೆಂಡತಿ, ಕಾಕಿ, ನನ್ನನ್ನು ಅಡಿಗೆಮನೆಗೆ ಕರೆದು, "ತಮ್ಮಾ, ಇವ್ರು ದಿನಾ ಅಂಗಳದಾಗ ನೆಳ್ಳ ನೋಡ್ಕೋತ ಕೂಡ್ತಾರ. ನನಗ ನೋಡಾಕ ಆಗವಲ್ದು. ನಾಕ ದಿನ ಸೋಲಾಪುರಕ್ಕ ಕರ್ಕೊಂಡು ಹೋಗು," ಎಂದಳು. ಕರೆದುಕೊಂಡು ಬಂದೆ.

ಮೊದಲ ಮುಂಜಾನೆಯೇ ಭೋಂಗಾ ಕೇಳಿ ಕಾಕಾ ಹಾಸಿಗೆಯಿಂದ ಎದ್ದು ಕೂತ. "ಇದು ಹೊತ್ತು ಹೇಳತದೋ, ಹೊಯ್ಕೊಳ್ಳತದೋ?" ಎಂದು ಕೇಳಿದ. ಕಿಟಕಿಯಿಂದ ಓಡುವ ಜನರನ್ನು ನೋಡಿ, "ನಿಂದರ್ರಿ, ಸಾವಕಾಶ ಹೋಗ್ರಿ, ಬಿದ್ದೀರಿ!" ಎಂದು ಕೂಗತೊಡಗಿದ. ಯಾರೂ ನಿಲ್ಲಲಿಲ್ಲ. ಪಕ್ಕದ ಕೋಣೆಯ ನಾಗವ್ವ ಮಾತ್ರ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಆಕೆ ಗಿರಣಿಯ ನೂಲಿನ ಖಾತೆಯಲ್ಲಿ ದುಡಿಯುವವಳು, ಕೈಯಲ್ಲಿ ಹಸುಗೂಸು. ಕೂಸು ಹಾಲು ಕುಡಿದು ಮಲಗುವಷ್ಟರಲ್ಲಿ ಗಿರಣಿಯ ಬಾಗಿಲು ಹಾಕಿಬಿಡುತ್ತಿದ್ದರು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡವೆಂದು ಮೇಲ್ವಿಚಾರಕ ಮುಕಾದಮ ಹೇಳಿದ್ದನಂತೆ.

ಮರುದಿನ ಭೋಂಗಾ ಕೂಗುವ ಮೊದಲೇ ಕಾಕಾ ರುಮಾಲು ಸುತ್ತಿಕೊಂಡು ಹೊರಟ. ಏನು ಮಾಡುತ್ತಾನೋ ಎಂದು ನಾನೂ ಹಿಂದೆ ಓಡಿದೆ. ಅವನು ನೇರವಾಗಿ ಗಿರಣಿಯ ಬಾಗಿಲು ಕಾಯುವ ದರವಾನನ ಮುಂದೆ ನಿಂತು, "ನಮ್ಮ ಹುಡುಗಿ ಕೂಸಿಗೆ ಹಾಲ ಕುಡಸಾಕತ್ತಾಳ. ಜರಾ ತಡದು ಕೂಗಸ್ರಿ," ಎಂದ. ನನಗೆ ನಿಂತ ನೆಲ ಬಾಯಿ ತೆರೆಯಬಾರದೇ ಅನಿಸಿತು.

ದರವಾನ ಮೀಸೆಯೊಳಗೇ ನಕ್ಕ. "ಅಜ್ಜಾರ, ಭೋಂಗಾ ನನ್ನ ಕೈಯಾಗ ಇಲ್ರಿ. ಬಾಗಲಾ ಅಷ್ಟ ನನ್ನ ಕೈಯಾಗ ಐತಿ."

"ಹೌದಾ? ಯಾವೂರಪಾ ನಿಂದು?"

"ಚಪಳಗಾಂವ್ರಿ."

"ಚಪಳಗಾಂವದಾಗ ಯಾರ ಮಗಾ?"

"ಸಿದ್ರಾಮಪ್ಪನ ಮಗಾರಿ."

"ಬಿಳಿ ಹೋರಿ ಸಿದ್ರಾಮಪ್ಪ? ನಮ್ಮೂರ ಸಂತ್ಯಾಗ ಹೋರಿ ಕಣ್ಣಿ ಹರ್ಕೊಂಡು ಮಿಠಾಯಿ ಅಂಗಡಿ ಹೊಕ್ಕಿತ್ತಲ್ಲೋ! ನಿಮ್ಮಪ್ಪ ಅದರ ಬಾಲಾ ಹಿಡಕೊಂಡು, ಬಾಯ್ತುಂಬ ಜಿಲೇಬಿ ತುಂಬ್ಕೊಂಡು ಹೊರಗ ಬಂದಿದ್ದ!"

ಭೋಂಗಾ ಕೂಗಿತು. ದರವಾನ ಬಾಗಿಲಿಗೆ ಕೈ ಹಚ್ಚಿದವನು ಹಾಗೇ ನಿಂತ. "ಅಪ್ಪಾ ತೀರ್ಕೊಂಡು ಭಾಳ ದಿನಾ ಆತ್ರಿ," ಎಂದ. "ಈ ಊರಾಗ ಅಂವನ ಹೆಸರ ಯಾರೂ ತಗದಿದ್ದಿಲ್ಲ. ಆಮ್ಯಾಲ ಏನಾತ್ರಿ?" ಕಾಕಾ ಹೋರಿಯನ್ನು ಬಜಾರದ ತುಂಬ ಓಡಿಸಿದ. ನಾಗವ್ವ ಸೆರಗು ಸರಿಮಾಡಿಕೊಳ್ಳುತ್ತ ಬಂದು, ನಮ್ಮ ಮೂವರ ನಡುವಿನಿಂದಲೇ ನುಸುಳಿ ಒಳಗೆ ಹೋದಳು. ದರವಾನ ಅತ್ತ ನೋಡಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ.

ಅದರ ಮರುದಿನ ಕಾಕಾ ಇನ್ನೊಂದು ಕತೆ ಹೊಂದಿಸಿಕೊಂಡು ಹೋದ. ದರವಾನ ಕೈ ಮುಗಿದು, "ಇವತ್ತ ಮೊದ್ಲ ಬಾಗಲಾ, ಆಮ್ಯಾಲ ಮಾತು," ಎಂದು ಕೀಲಿ ಹಾಕಿದ. ಆದರೆ ನಾಗವ್ವ ಆಗಲೇ ಒಳಗಿದ್ದಳು. ಕೂಸನ್ನು ನನ್ನ ಹೆಂಡತಿ ಇಟ್ಟುಕೊಳ್ಳತೊಡಗಿದ್ದಳು. ಇನ್ನು ತನಗಿಲ್ಲಿ ಕೆಲಸವಿಲ್ಲವೆಂದು ಕಾಕಾನಿಗೆ ಅನಿಸಿರಬೇಕು. ಊರಿಗೆ ಹೊರಟ. ಸ್ಟೇಶನ್ನಿನಲ್ಲಿ ಗಾಡಿ ಬಹಳ ತಡವಾಗಿ ಬಂತು. ನಾನು ಸಿಡಿಮಿಡಿಗೊಂಡರೆ ಕಾಕಾ ಹಿಗ್ಗಿ, "ನಮ್ಮೂರ ಕಡೆ ಹೋಗೂ ಗಾಡಿ ನೋಡು, ತಮ್ಮಾ! ಯಾರೋ ಬರೋರು ಅದಾರ, ಅದಕ್ಕ ನಿಂತದ," ಎಂದ. ಆಮೇಲೆ ಊರಲ್ಲಿ ಅವನು ಚಾವಡಿಯ ಕಟ್ಟೆಯ ಮೇಲೆ ಕೂತು, ಹೊಸ ಗಡಿಯಾರ ಹೊಡೆದಾಗಲೆಲ್ಲ ರಸ್ತೆಯನ್ನೊಮ್ಮೆ ನೋಡಿ, ತಲೆಯಾಡಿಸಿ ಒಪ್ಪಿಗೆ ಕೊಡುತ್ತಿದ್ದನಂತೆ.

ಅವನನ್ನು ಕಾಣಲು ವರ್ಷವಿಡೀ ಹಂಬಲಿಸಿ ಒಂದು ರಜೆಯಲ್ಲಿ ನಾನೂ ಹೋದೆ. ಊಟಕ್ಕೆ ಕೂತೆವು. ಮಾತಿನ ನಡುವೆ ನನ್ನ ಕಣ್ಣು ಮತ್ತೆ ಮತ್ತೆ ಬಾಗಿಲಾಚೆಯ ಬಿಸಿಲಿನತ್ತ ಹೋಗುತ್ತಿತ್ತು. ವಾಪಸ್ಸು ಹೋಗುವ ಮೋಟಾರು ತಪ್ಪಿದರೆ ಅಂಗಡಿಗೇನು ಹೇಳುವುದು? ಕಾಕಿ ಅದನ್ನು ಕಂಡಳು. "ಲಗೂನ ಬಡಸ್ರೇ, ಪಾವಣ್ಯಾರು ಹೊರಡಾಕ ಅವಸರ ಮಾಡಾಕತ್ತಾರ," ಎಂದು ಒಳಗೆ ಕೂಗಿದಳು. ಹುಟ್ಟಿದ ಮನೆಯಲ್ಲಿ ಪಾವಣ್ಯಾ, ಅಂದರೆ ನೆಂಟ! ನಾನು ನಕ್ಕೆ. ಆದರೆ ಹೋಳಿಗೆ ಬಂದಾಗ ಕಾಕಿ ಎಲೆಯ ಮುಂದೆ ಬಗ್ಗಿ, "ಇನ್ನೊಂದ ಹಾಕ್ಲಿ?" ಎಂದು ಕೇಳಿದಳು. ಮನೆಯವರಿಗಾದರೆ ಅವಳು ಕೇಳುತ್ತಿರಲಿಲ್ಲ, ಹಾಕಿಬಿಡುತ್ತಿದ್ದಳು.