ಕಿಟಕಿಯಲ್ಲಿಟ್ಟ ಕೆರೆ

ಕೆರೆಯಿಂದ ತಂದ ನೀರಿನ ಬಾಟಲಿಗೆ ಕಪ್ಪು ಬಟ್ಟೆ ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಬೇಕು. ಪ್ರಯೋಗಾಲಯದ ಹಂಗಾಮಿ ಸಹಾಯಕ ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಮರೆತು, ರಜೆಯೆಂದು ಮನೆಗೆ ಹೋದ. ನೀರಿನಲ್ಲಿದ್ದ ಕಣ್ಣಿಗೆ ಕಾಣದ ಪಾಚಿಗೆ ಇನ್ನೇನು ಬೇಕು? ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಮೈ ಬೆಳೆಸಿತು.

ಆ ವಾರವೇ ಅವನ ಕೆಲಸ ಕಾಯಂ ಆಗುವುದಿತ್ತು. ವರ್ಷಗಟ್ಟಲೆ "ನೋಡೋಣ" ಎನ್ನುತ್ತಿದ್ದ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಈಗ "ಮಾಡೋಣ" ಎಂದಿದ್ದರು. ಹಾಗಾಗಿ, ರಜೆ ಮುಗಿಸಿ ಬಂದ ಬೆಳಿಗ್ಗೆ ನೀರು ಸೋಸಿದ ಕಾಗದ ಹಚ್ಚಹಸಿರಾದಾಗಲೂ ಅವನು ಬಾಯಿ ಬಿಡಲಿಲ್ಲ. ಯಂತ್ರ ತೋರಿಸಿದ ಕ್ಲೋರೋಫಿಲ್ ಲೆಕ್ಕವನ್ನು ಹಾಗೆಯೇ ಒಪ್ಪಿಸಿದ. ಕ್ಲೋರೋಫಿಲ್ ಹೆಚ್ಚಿದ್ದರೆ ಪಾಚಿ ಹೆಚ್ಚು. ಪಾಚಿ ಅಷ್ಟು ಹೆಚ್ಚಿದರೆ ಕೆರೆಗೆ ಯಾರೂ ಇಳಿಯುವ ಹಾಗಿಲ್ಲ.

ಪಕ್ಕದ ಮೇಜಿನ ಗುಮಾಸ್ತನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಡಂಗುರವಾಗಿ ದೋಣಿಗಳು ನಿಂತವು. ಅದರಲ್ಲೊಂದು ಸಹಾಯಕನ ಹೆಂಡತಿಯ ತಮ್ಮನದು. ಅವನು ಹುಟ್ಟು ಹಿಡಿದುಕೊಂಡೇ ಪ್ರಯೋಗಾಲಯಕ್ಕೆ ಬಂದ.

"ಭಾವ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನೀವೇ ಬೇಕಿತ್ತಾ?"

ಸಹಾಯಕ ಅವನನ್ನು ಮೂಲೆಗೆ ಎಳೆದು ಬಾಟಲಿಯ ಕತೆ ಹೇಳಿದ. "ಬೇರೆ ನೀರು ತಗೊಂಡ್ಬಾ. ಬಾಟಲಿ ಹೀಗೆ ಮುಳುಗಿಸು, ಬಟ್ಟೆ ಹೀಗೆ ಸುತ್ತು. ಬಿಸಿಲು ಸೋಕಬಾರದು."

"ನಿಮ್ಮ ಕೆಲಸ ಅಂದ್ರೆ ಇಷ್ಟೇನಾ?" ಎಂದು ಕೇಳಿ ಭಾಮೈದ ಹೊರಟ.

ಸಹಾಯಕ ಮನಸ್ಸು ಗಟ್ಟಿಮಾಡಿಕೊಂಡು ಮೇಡಂ ಮುಂದೆ ತಪ್ಪೊಪ್ಪಿಕೊಂಡ. ಅವರು ಕನ್ನಡಕ ತೆಗೆದಿಟ್ಟರು. "ಹೊಸ ನೀರು ಬರಲಿ, ನೋಡೋಣ." ಮತ್ತೆ ನೋಡೋಣಕ್ಕೇ ಬಂತಲ್ಲ ಎಂದುಕೊಂಡು ಅವನು ಹೊರಬಂದ.

ಭಾಮೈದ ಬಟ್ಟೆ ಸುತ್ತಿ ತಂದ ಹೊಸ ನೀರನ್ನು ಮೇಡಂ ತಾವೇ ಸೋಸಿದರು. ಕಾಗದ ಮೊದಲಿಗಿಂತಲೂ ಹಸಿರಾಯಿತು. ಕೆರೆ ನಿಜವಾಗಿಯೂ ಕೆಟ್ಟಿತ್ತು.

ಸಹಾಯಕನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನ್ನ ರಿಪೋರ್ಟ್ ಸರಿಯಾಗೇ ಇತ್ತಲ್ಲ ಮೇಡಂ?"

"ಕೆರೆ ಹಾಳಾಗಿದ್ದಕ್ಕೆ ನೀವು ಬಚಾವಾಗಲ್ಲ. ಬಾಟಲಿ ಕೆಡಿಸಿ ಸುಮ್ನಿದ್ರಿ. ನಾಳೆಯಿಂದ ಬರಬೇಡಿ."

ಬಾಗಿಲಲ್ಲಿದ್ದ ಭಾಮೈದ ಕೇಳಿದ, "ನನ್ನ ಗತಿ ಏನು ಮೇಡಂ?"

"ಇನ್ಮೇಲೆ ದಿನಾ ನೀರು ಬೇಕು. ನಿಮ್ಮ ಹತ್ರ ದೋಣಿ ಇದೆ, ಬಟ್ಟೆನೂ ನೀಟಾಗಿ ಸುತ್ತಿದೀರಿ. ಆ ಕಾಯಂ ಕೆಲಸ ನೀವೇ ಮಾಡಿ."

ದಾರಿಯುದ್ದಕ್ಕೂ ಸಹಾಯಕನಿಗೆ ಸಿಟ್ಟೂ ಬಂತು, ಅಳುವೂ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಅವನದೇ ಆಗುತ್ತಿತ್ತು. ನಿಜ ಹೇಳಿ ಯಾವ ಭಾಗ್ಯ ಕಂಡ?

ಮನೆಯಲ್ಲಿ ಹೆಂಡತಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮುಖ ತೊಳೆಯಲು ನೀರು ಕೊಟ್ಟು ಸಮಾಧಾನ ಹೇಳಿದಳು.

"ಬೇಜಾರು ಮಾಡ್ಕೋಬೇಡಿ. ನನ್ನ ತಮ್ಮ ನೀರು ತುಂಬುವಾಗ ದೋಣಿಗೆ ಹುಟ್ಟು ಹಾಕೋಕೆ ಒಬ್ಬರು ಬೇಕಂತೆ. ಸದ್ಯಕ್ಕೆ ಹಂಗಾಮಿಯಾಗಿ ನಿಮ್ಮನ್ನೇ ಇಟ್ಕೋತಾನಂತೆ."