ಮೊದಲ ಮೀಟರಿನಿಂದಲೇ ಹಿಗ್ಗಿದ ರಸ್ತೆ

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಾದರೆ ಕಂಪ್ಯೂಟರಿನಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಅದು ಎದುರು ಮಾತಾಡುವುದಿಲ್ಲ, ಮನೆಗೆ ಬಂದು ಹೆಂಡತಿಯ ಹತ್ತಿರ ದೂರು ಹೇಳುವುದೂ ಇಲ್ಲ. ಮಡಿಕೇರಿಯ ಸಣ್ಣ ಕಚೇರಿಯೊಂದರಲ್ಲಿ ರಸ್ತೆಗಳ ನಕ್ಷೆ ಮಾಡುವ ನಾನು ಈ ಅನುಕೂಲವನ್ನು ಧಾರಾಳವಾಗಿಯೇ ಬಳಸಿಕೊಂಡು ಬಂದಿದ್ದೇನೆ.

ನಮ್ಮ ಕಡೆ ನೂರು ಮೀಟರ್ ನೇರ ರಸ್ತೆ ಸಿಕ್ಕರೆ ಅದೇ ಪುಣ್ಯ. ತಿರುವಿನಲ್ಲಿ ರಸ್ತೆ ಅಗಲವಾಗಿರಬೇಕು, ಇಲ್ಲವಾದರೆ ಬಸ್ಸೂ ಜೀಪೂ ಮುಖಾಮುಖಿ ನಿಂತು ಹಾರ್ನ್ ಹೊಡೆಯುತ್ತವೆ. ಆದರೆ ಒಮ್ಮೆಲೇ ಅಗಲವಾಗುವಂತಿಲ್ಲ. ತಿರುವು ಹತ್ತಿರವಾಗುತ್ತಿದ್ದಂತೆ ಸ್ವಲ್ಪಸ್ವಲ್ಪವೇ ಹಿಗ್ಗಬೇಕು. ಎಲ್ಲಿ ಎಷ್ಟು ಅಗಲ ಎಂದು ಹೇಳಿದರೆ ನಡುವಿನದನ್ನು ಸಾಫ್ಟ್‌ವೇರೇ ಹೊಂದಿಸಿಕೊಳ್ಳುತ್ತದೆ. ಚೆಟ್ಟಳ್ಳಿ ಕಡೆಯ ಒಂದು ರಸ್ತೆಗೆ ನಾನು ಶುರುವಿನ ಅಗಲ ಹೇಳಿದೆ, ತಿರುವಿನ ಅಗಲ ಹೇಳಿದೆ. ತಿರುವಿನ ಹತ್ತಿರ ಬಂದ ಮೇಲೆ ಹಿಗ್ಗು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದು ಪಾಪ, ಮೊದಲ ಮೀಟರಿನಿಂದಲೇ ಹಿಗ್ಗಲು ಶುರುಮಾಡಿತು. ಪರದೆಯ ಮೇಲೆ ಎಷ್ಟು ನಯವಾಗಿ ಕಂಡಿತೆಂದರೆ ನಾನೇ ಎರಡು ಸಲ ನೋಡಿ ಮೆಚ್ಚಿಕೊಂಡೆ.

ಸರ್ವೆಯವರು ಆ ನಕ್ಷೆ ಹಿಡಿದು ಜಾಗ ಗುರುತು ಮಾಡಿದ ಮರುದಿನ ನಮ್ಮ ಯಜಮಾನರಾದ ಪೊನ್ನಪ್ಪನವರು ಕರೆದರು. "ನೀಲಮ್ಮ ಅಂತ ಒಬ್ಬರು ಫೋನ್ ಮಾಡಿದ್ರು. ಅವರ ಬಚ್ಚಲಮನೆ ಗೋಡೆಗೆ ಕೆಂಪು ಗೀಟು ಎಳೆದಿದ್ದಾರಂತೆ. ಹೋಗಿ ನೋಡಿ."

ನೀಲಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ದೇ ವಯಸ್ಸಾದವರು. ಕೆಲಸ ಬಿಟ್ಟ ಮೇಲೆ ಕಟ್ಟಿಸಿಕೊಂಡ ಬಚ್ಚಲಮನೆ ಅದು. ನಾನು ಹೋದಾಗ ಸೊಂಟದ ಮೇಲೆ ಕೈಯಿಟ್ಟು ಅದರ ಮುಂದೆಯೇ ನಿಂತಿದ್ದರು.

"ಈ ಗೀಟಿಂದ ಆಚೆ ರಸ್ತೆಯಂತೆ. ಹಂಡೆ ಆಚೆ, ನಾನು ಈಚೆ. ಸ್ನಾನ ಎಲ್ಲಿ ಮಾಡ್ಲಿ ಸಾರ್?"

"ಅದು ಕಂಪ್ಯೂಟರ್ ಮಾಡಿದ್ದಮ್ಮ," ಎಂದೆ, ಅಭ್ಯಾಸಬಲದಿಂದ.

"ಹಾಗಾದ್ರೆ ಅದನ್ನೇ ಕಳಿಸಬೇಕಿತ್ತು."

ಲ್ಯಾಪ್‌ಟಾಪನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ನಕ್ಷೆ ತೆರೆದೆ. ಇದು ರಸ್ತೆಯ ಅಂಚು, ಇದು ನಿಮ್ಮ ಮನೆ, ಇದು ತಿರುವು ಎಂದು ತೋರಿಸಿದೆ. ನೀಲಮ್ಮ ಕನ್ನಡಕ ಹಾಕಿಕೊಂಡು, ಕಾಫಿ ಕೊಯ್ದು ಒರಟಾದ ಬೆರಳನ್ನು ಅಂಚಿನ ಗೆರೆಯ ಮೇಲೆ ನಿಧಾನವಾಗಿ ಓಡಿಸಿದರು.

"ತಿರುವು ಇರೋದು ಅಲ್ಲಿ ಅಲ್ವಾ? ಇದು ಇಲ್ಲಿಂದ್ಲೇ ಯಾಕೆ ದಪ್ಪ ಆಗ್ತಾ ಬರ್ತದೆ?"

ನಾಲ್ಕು ದಿನ ನಾನು ನೋಡಿದ್ದ ಗೆರೆ ಅದು. ಇನ್ನೊಂದು ಸಲ ಕಂಪ್ಯೂಟರಿನ ಹೆಸರು ಹೇಳಲು ನಾಲಿಗೆ ಏಳಲಿಲ್ಲ. "ತಪ್ಪು ನನ್ನದೇ ಅಮ್ಮ," ಎಂದೆ. ಹಿಗ್ಗಬೇಕಾದ ಜಾಗವನ್ನು ಒಂದು ಸಾಲಿನಲ್ಲಿ ಸೇರಿಸಿದೆ. ಗೆರೆ ಬಚ್ಚಲಮನೆಯಿಂದ ಸರಿದು ಚರಂಡಿಯ ಆಚೆ ಹೋಗಿ ನಿಂತಿತು.

ನೀಲಮ್ಮ ಅಲ್ಲೇ ಕಲ್ಲಿನ ಅಂಚಿಗೆ ಕುಳಿತರು. "ನಿನ್ನೆಯಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ," ಎಂದರು ಸಣ್ಣ ದನಿಯಲ್ಲಿ. ಒಂದು ಚಿಂದಿಯನ್ನೂ ಸ್ವಲ್ಪ ಸೀಮೆಎಣ್ಣೆಯನ್ನೂ ಕೇಳಿ ಇಸಿದುಕೊಂಡು, ಗೋಡೆಯ ಕೆಂಪು ಗೀಟನ್ನು ನಾನೇ ಉಜ್ಜಿದೆ. ಅಷ್ಟರಲ್ಲಿ ಅವರು ಕಾಫಿ ತಂದುಕೊಟ್ಟರು.

ಕಚೇರಿಗೆ ಬಂದು ಪೊನ್ನಪ್ಪನವರಿಗೆ ಎಲ್ಲವನ್ನೂ ಒಪ್ಪಿಕೊಂಡೆ. ತಿರುವಿನ ಹತ್ತಿರ ಹಿಗ್ಗಬೇಕಾದದ್ದು ಶುರುವಿನಿಂದಲೇ ಹಿಗ್ಗಿತ್ತು, ಗೆರೆಯನ್ನು ಸರಿಯಾಗಿ ನೋಡಿದ ಕೂಡಲೇ ಗೊತ್ತಾಯಿತು ಎಂದೆ.

"ಇರಲಿ, ಅಲ್ಲೇ ನಿಂತು ಕಂಡುಹಿಡಿದ್ರಲ್ಲ! ಒಳ್ಳೆ ಕಣ್ಣು ನಿಮ್ದು," ಎಂದರು.

ಯಾರು ನೋಡಿದ ಕೂಡಲೇ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.